ಟೆಂಡರಿನ ಮೂವತ್ತೊಂದನೆಯ ಅಂಶ

ಟ್ಯಾಮರಾಕ್ ಕೌಂಟಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದಾಗ ನನ್ನ ಬಳಿ ಉಳಿದದ್ದು ಎರಡು: ಒಂದು ಒಳ್ಳೆಯ ಹೆಸರು, ಬಲಗೈ ಹೆಬ್ಬೆರಳಿನ ಮೇಲೆ ಒಂದು ಆಸಿಡ್ ಕಲೆ. ಕಲೆ ಈಗಲೂ ಇದೆ.

ನನ್ನ ಹೆಸರು ಎಮಿಲ್ ಡುರ್ಕೋ. ಆದರೆ ಪೆನ್ಸಿಲ್ವೇನಿಯದ ಈ ಮೂಲೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಇಲ್ಲಿನ ದಂತವೈದ್ಯ, ಶೆರೀಫ್, ಅಂಚೆಯವಳು, ಹೆಣ ಹೂಳುವವನು ಎಲ್ಲರೂ ನನ್ನ ಪ್ರಯೋಗಶಾಲೆಯಲ್ಲಿ ಗಾಜು ಒಡೆದವರೇ. ಹಾಗಾಗಿ ಎಲ್ಲರಿಗೂ ನಾನು ಮೇಷ್ಟ್ರು. ಉತ್ತರ ಸರಿಯಿದ್ದು ಅಳತೆಯ ಮಾನ ಬರೆಯದಿದ್ದರೆ ಸೊನ್ನೆ ಕೊಡುತ್ತಿದ್ದವನು ಎಂದು ನನ್ನನ್ನು ನೆನೆಯುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ವರ್ಷ ರಾಜ್ಯವು ಹಳೆಯ ಮತಯಂತ್ರಗಳನ್ನೆಲ್ಲ ತೆಗೆದುಹಾಕಿ, ಕಾಗದದ ಗುರುತು ಉಳಿಸುವ ಹೊಸ ಯಂತ್ರಗಳನ್ನು ಕೊಳ್ಳಬೇಕೆಂದು ಕೌಂಟಿಗಳಿಗೆಲ್ಲ ಹೇಳಿತು. ನಮ್ಮ ಚುನಾವಣಾ ಕಚೇರಿಯ ಮುಖ್ಯಸ್ಥೆ ಲಿಯೋನಾ ಬರ್ಕೆಟ್ ಕೂಡ ನನ್ನ ಹಳೆಯ ವಿದ್ಯಾರ್ಥಿನಿ. ರಸಾಯನಶಾಸ್ತ್ರದಲ್ಲಿ ಹೇಗೋ ಪಾಸಾದವಳು, ಉಳಿದ ಎಲ್ಲದರಲ್ಲೂ ನನಗಿಂತ ಜಾಣೆ. ಯಂತ್ರ ಆರಿಸಲು ಅವಳು ನಾಲ್ಕು ಜನರ ಸಮಿತಿ ಮಾಡಿ ನನ್ನನ್ನು ಅದರ ಅಧ್ಯಕ್ಷನನ್ನಾಗಿ ಮಾಡಿದಳು. "ತಕ್ಕಡಿ ನಿಮ್ಮ ಕೈಲಿದ್ರೆ ಯಾರೂ ಬಾಯಿ ತೆಗೆಯಲ್ಲ ಮೇಷ್ಟ್ರೇ" ಎಂದಳು. ನಾನು ವಿನಯದಿಂದ ತಲೆ ತಗ್ಗಿಸಿದೆ. ಒಳಗೆ ಮಾತ್ರ, ಇಷ್ಟು ತಡವಾಗಿ ಕೇಳಿದ್ದೇಕೆ ಎಂದುಕೊಂಡೆ.

ಸಮಿತಿಯವರಿಗೆ ಒಂದು ನಿಯಮವಿತ್ತು. ಯಂತ್ರ ಮಾರಲು ಬರುವ ಕಂಪನಿಗಳಿಂದ ಏನೇ ಪಡೆದರೂ ಗುಲಾಬಿ ಬಣ್ಣದ ಒಂದು ಹಾಳೆಯಲ್ಲಿ ಬರೆಯಬೇಕು. ಉಳಿದ ಮೂವರ ಹಾಳೆ ಖಾಲಿ ಇತ್ತು. ನನ್ನದು ಎರಡೂ ಕಡೆ ತುಂಬಿತ್ತು. 'ಕಾಫಿ, ಅರ್ಧ ಕಪ್, ಉಳಿದರ್ಧ ಚೆಲ್ಲಿತು.' 'ಪೆನ್ನು, ಒಂದು, ಬರೆಯುವುದಿಲ್ಲ.' 'ಡೋನಟ್, ಸುಮಾರು ಮೂರನೇ ಒಂದು ಭಾಗ.'

ಲಿಯೋನಾ ಅದನ್ನು ಓದಿ ಕನ್ನಡಕ ತೆಗೆದಳು. "ಮೂರನೇ ಒಂದು ಭಾಗಾನಾ?"

"ತಿಂದಿದ್ದು ಅಷ್ಟೇ. ಉಳಿದಿದ್ದು ಡಬ್ಬಿಗೆ ವಾಪಸ್ ಇಟ್ಟೆ."

"ಕಚ್ಚಿದ ಡೋನಟ್ಟನ್ನಾ? ಮೇಷ್ಟ್ರೇ, ಆ ಡಬ್ಬಿಯಿಂದ ನಾನೂ ಒಂದು ತಗೊಂಡಿದ್ದೆ!"

ನಾನು ಎಷ್ಟು ಪ್ರಾಮಾಣಿಕ ಎಂದು ತೋರಿಸಲು ಇದನ್ನು ಹೇಳುತ್ತಿಲ್ಲ. ಡೋನಟ್ಟನ್ನು ಭಿನ್ನರಾಶಿಯಲ್ಲಿ ಬರೆದವನು ಯಾವುದನ್ನು ಬರೆಯಲಿಲ್ಲ ಎಂದು ಹೇಳಬೇಕಾಗಿದೆ.

ಸಮಿತಿ ಆಗುವುದಕ್ಕೆ ಎರಡು ವರ್ಷ ಮೊದಲು ನಾನು ನಮ್ಮ ಊರಿನ ಅಗ್ನಿಶಾಮಕ ದಳದ ಸಭಾಂಗಣ, ಅಂದರೆ ಫೈರ್ ಹಾಲ್ ಮತಗಟ್ಟೆಯ ಮುಖ್ಯಸ್ಥನಾಗಿದ್ದೆ. ನನ್ನ ಹೆಂಡತಿ ಬರ್ನಿಸ್‌ಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿ ಕೋಲು ಬಂದಿತ್ತು. ವೋಟು ಹಾಕುವಾಗ ಎರಡೂ ಕೈ ಬೇಕು, ಕೋಲು ಒರಗಿಸಲು ಜಾಗವಿಲ್ಲ. ಅದು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಯಂತ್ರವನ್ನೇ ತಬ್ಬಿಕೊಂಡು ಹೇಗೋ ನಿಂತಳು. ಆ ವರ್ಷವೇ ಲಾರ್ಕ್‌ಫೀಲ್ಡ್ ಎಂಬ ಮತಯಂತ್ರದ ಕಂಪನಿ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗಿನಲ್ಲಿ ಮತಗಟ್ಟೆ ಸಿಬ್ಬಂದಿಯ ಸಲಹಾ ಸಭೆ ಕರೆದಿತ್ತು. ನಾನು ಹೋದೆ. ನನ್ನ ಕಾರು, ನನ್ನ ಪೆಟ್ರೋಲು, ಬರ್ನಿಸ್ ಕಟ್ಟಿಕೊಟ್ಟ ಸ್ಯಾಂಡ್‌ವಿಚ್. ಹೋಟೆಲಿನವರ ನೀರನ್ನು ಮಾತ್ರ ಕುಡಿದೆ. ಎದ್ದು ನಿಂತು ಕೋಲಿನ ಕಥೆ ಹೇಳಿ, ಯಂತ್ರದ ಸ್ಟ್ಯಾಂಡಿಗೆ ಒಂದು ಕೊಕ್ಕೆ ಇದ್ದರೆ ಸಾಕು ಎಂದು ಕಾಗದದ ಮೇಲೆ ಅದರ ಚಿತ್ರವನ್ನೂ ಬರೆದು ಕೊಟ್ಟೆ. ಒಳಗಿನ ತ್ರಿಜ್ಯ ಒಂದೂಕಾಲು ಇಂಚು.

ಎಂಟು ತಿಂಗಳಾದ ಮೇಲೆ ಆ ಕಂಪನಿಯ ಮಾರಾಟಗಾರ ಟ್ರೆಂಟ್ ಹಾಲ್‌ಸ್ಟೆಡ್ ನಮ್ಮ ಕಚೇರಿಗೆ ಹೊಸ ಯಂತ್ರ ತಂದು ತೋರಿಸಿದ. ಸ್ಟ್ಯಾಂಡಿನ ಬಲಗಡೆ ಬೂದು ಬಣ್ಣದ ಕೊಕ್ಕೆ ಇತ್ತು. "ಇದು ನಿಮ್ಮದೇ ಮೇಷ್ಟ್ರೇ" ಎಂದ. ನಾನು ಜೇಬಿನಿಂದ ಅಳತೆಯ ಪಟ್ಟಿ ತೆಗೆದು ನೋಡಿದೆ. ಒಂದೂಕಾಲು ಇಂಚು. ನಾಲ್ಕು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಮುಂದಿನ ವರ್ಷ ಸಮಿತಿಯಾಗಿ ಟೆಂಡರ್ ಬರೆಯುವಾಗ, ಯಂತ್ರಕ್ಕೆ ಇರಬೇಕಾದ ಗುಣಗಳ ಪಟ್ಟಿಯಲ್ಲಿ ಮೂವತ್ತೊಂದನೆಯ ಅಂಶವಾಗಿ ನಾನೇ ಬರೆದೆ: 'ಮತದಾರರ ಊರುಗೋಲು ತೂಗುಹಾಕಲು ಭದ್ರವಾದ ವ್ಯವಸ್ಥೆ. ನಾಲ್ಕು ಅಂಕ.' ಬರೆಯುವಾಗ ನನ್ನ ತಲೆಯಲ್ಲಿ ಬರ್ನಿಸ್ ಇದ್ದಳು, ವಯಸ್ಸಾದವರೆಲ್ಲ ಇದ್ದರು. ಲಾರ್ಕ್‌ಫೀಲ್ಡ್ ಇರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ತೊಂದರೆಯೇ ಅದು.

ಕೊನೆಗೆ ಪೈಪೋಟಿಯಲ್ಲಿ ಉಳಿದವು ಎರಡು ಯಂತ್ರಗಳು, ಲಾರ್ಕ್‌ಫೀಲ್ಡ್ ಮತ್ತು ಓಟ್‌ಮನ್ ಎಂಬ ಇನ್ನೊಂದು. ತೂಕ, ಸದ್ದು, ವೇಗ ಮುಂತಾದವನ್ನೆಲ್ಲ ನಾನೇ ಅಳೆದು ಅಂಕ ಹಾಕಿದೆ. ಉಳಿದ ಮೂವರು ಮೇಷ್ಟ್ರು ಅಳೆದ ಮೇಲೆ ಇನ್ನೇನು ಎಂದು ಸಹಿ ಹಾಕಿದರು. ಲಾರ್ಕ್‌ಫೀಲ್ಡ್‌ಗೆ ಎಂಬತ್ಮೂರು, ಓಟ್‌ಮನ್‌ಗೆ ಎಪ್ಪತ್ತೇಳು. ಮಾರ್ಚ್ ತಿಂಗಳ ಒಂದು ಗುರುವಾರ ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳು ಸಭೆ ಸೇರಿ ಒಪ್ಪಿಗೆ ಕೊಡುವುದಿತ್ತು. ಕೊಟ್ಟರೆ ಜೂನ್ ಮೊದಲ ವಾರ ಯಂತ್ರಗಳು ಬರುತ್ತವೆ, ನವೆಂಬರ್ ಚುನಾವಣೆಗೆ ಮುನ್ನೂರು ಸಿಬ್ಬಂದಿಗೆ ಲಿಯೋನಾ ಸಾವಕಾಶವಾಗಿ ತರಬೇತಿ ಕೊಡಬಹುದು.

ಅದರ ಹಿಂದಿನ ಶುಕ್ರವಾರ ನಾನು, ಬರ್ನಿಸ್ ಫೈರ್ ಹಾಲಿಗೆ ಮೀನಿನ ಊಟಕ್ಕೆ ಹೋದೆವು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಶುಕ್ರವಾರಗಳಲ್ಲಿ ಊರೆಲ್ಲ ಅಲ್ಲೇ. ಕರಿದ ಮೀನು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು, ಬೆಣ್ಣೆಯಲ್ಲಿ ಬಾಡಿಸಿದ ಎಲೆಕೋಸು. ಮೇಜಿನ ಮೇಲೆ ಊರಿನ ಪತ್ರಿಕೆ ಬಿದ್ದಿತ್ತು. ಅದರಲ್ಲಿ ಯಂತ್ರದ ಫೋಟೋ, ಪಕ್ಕದಲ್ಲಿ ನಾನು. ಹೋಗುವವರು ಬರುವವರು ನನ್ನ ಬೆನ್ನು ತಟ್ಟುತ್ತಿದ್ದರು. ಬರ್ನಿಸ್ ಫೋಟೋ ನೋಡುತ್ತ ಮೀನು ಮುರಿಯುತ್ತಿದ್ದಳು.

"ಎಮಿಲ್, ಇದು ನಿನ್ನ ಕೊಕ್ಕೆ ತಾನೆ?"

"ಹೂಂ. ಚೆನ್ನಾಗಿ ಬಂದಿದೆ ಅಲ್ವಾ?"

"ಇನ್ನೊಂದು ಕಂಪನೀದಕ್ಕೆ ಇದೆಯಾ ಕೊಕ್ಕೆ?"

"ಇಲ್ಲ."

"ಕೊಕ್ಕೆ ಇರ್ಬೇಕು ಅಂತ ಟೆಂಡರಲ್ಲಿ ಬರೆದವರು ಯಾರು?"

ನಾನು ಎಲೆಕೋಸು ಅಗಿಯತೊಡಗಿದೆ. ಅದು ಅಷ್ಟು ಹೊತ್ತು ಅಗಿಯುವ ಪದಾರ್ಥವಲ್ಲ.

"ನಾಲ್ಕೇ ಅಂಕ ಕಣೇ" ಎಂದೆ ಕೊನೆಗೆ. "ಅದೂ ನಿನಗೋಸ್ಕರ ಮಾಡಿದ್ದು."

"ನನ್ನ ತಲೆ ಮೇಲೆ ಹಾಕ್ಬೇಡ. ನನ್ನ ಕೋಲು ನಾನು ಹಿಡ್ಕೋತೀನಿ. ನಿನ್ನ ಆ ಗುಲಾಬಿ ಹಾಳೇಲಿ ಇದನ್ನ ಬರೆದಿದೀಯಾ?"

"ಅದು ಕೊಟ್ಟಿದ್ದಲ್ಲ. ನಾನೇ ಅವರಿಗೆ ಕೊಟ್ಟಿದ್ದು."

"ಆಹಾ! ನಾಲ್ಕು ದಿನ ಸ್ನಾನದ ಮನೇಲಿ ಹಾಡು ಹೇಳ್ಕೊಂಡಿದ್ಯಲ್ಲ, ಅದನ್ನ ಯಾರು ಕೊಟ್ರು?"

ಶನಿವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅಂಕಪಟ್ಟಿ ಹರಡಿಕೊಂಡು ಕೂತೆ. ಬರ್ನಿಸ್ ಹೇಳಿದ್ದು ತಪ್ಪೆಂದು ಅಂಕಿಗಳಲ್ಲಿ ತೋರಿಸುವುದು ನನ್ನ ಉದ್ದೇಶ. ಮೂವತ್ತೊಂದನೆಯ ಅಂಶವನ್ನು ತೆಗೆದುಹಾಕಿದೆ. ಲಾರ್ಕ್‌ಫೀಲ್ಡ್ ಎಪ್ಪತ್ತೊಂಬತ್ತು, ಓಟ್‌ಮನ್ ಎಪ್ಪತ್ತೇಳು. ಕೊಕ್ಕೆ ಇಲ್ಲದೆಯೂ ಲಾರ್ಕ್‌ಫೀಲ್ಡೇ ಮುಂದೆ. "ನೋಡು!" ಎಂದು ಕೂಗಿದೆ. ಅವಳು ಹಿತ್ತಲಲ್ಲಿದ್ದಳು, ಕೇಳಿಸಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತಿಗೂ ನೆಮ್ಮದಿಯಾಗಿ ಇರುತ್ತಿದ್ದೆ. ಆದರೆ ಉತ್ತರ ಬಂದ ಮೇಲೆ ಮೂಲ ಟಿಪ್ಪಣಿಗೆ ಹೋಗಿ ತಾಳೆ ನೋಡುವುದು ನನ್ನ ಮೂವತ್ತನಾಲ್ಕು ವರ್ಷದ ಚಾಳಿ. ಅಳತೆಯ ಟಿಪ್ಪಣಿ ಪುಸ್ತಕ ತೆಗೆದೆ.

ಮೊದಲು ಕಂಡದ್ದು ಸದ್ದು. ಮತ ಬಿದ್ದಾಗ ಎರಡು ಯಂತ್ರಗಳೂ ಮಾಡುವ ಪೀಪ್ ಸದ್ದನ್ನು ಮಾಪಕದಲ್ಲಿ ಅಳೆದಿದ್ದೆ. ಎರಡೂ ಅರವತ್ತೆರಡು ಡೆಸಿಬೆಲ್. ಲಾರ್ಕ್‌ಫೀಲ್ಡ್‌ನ ಎದುರಿಗೆ 'ಸ್ಪಷ್ಟ ಧ್ವನಿ' ಎಂದು ಬರೆದಿದ್ದೆ. ಓಟ್‌ಮನ್‌ನ ಎದುರಿಗೆ 'ಕಿರಿಕಿರಿ'. ಅದೃಷ್ಟಕ್ಕೆ ಆ ಮಾತುಗಳಿಗೆ ಅಂಕವಿರಲಿಲ್ಲ.

ಆಮೇಲೆ ತೂಕ. ಇದಕ್ಕೆ ಹತ್ತು ಅಂಕ. ಯಾಕೆಂದರೆ ನಮ್ಮ ಮತಗಟ್ಟೆ ಸಿಬ್ಬಂದಿಯ ಸರಾಸರಿ ವಯಸ್ಸು ಎಪ್ಪತ್ತೊಂದು, ಪೆಟ್ಟಿಗೆ ಸಮೇತ ಯಂತ್ರವನ್ನು ಕಾರಿನಿಂದ ಇಳಿಸಿ ಒಳಗೆ ಹೊರುವವರು ಅವರೇ. ಲಾರ್ಕ್‌ಫೀಲ್ಡ್ ನಲವತ್ತೊಂದು ಪೌಂಡ್, ಎಂಟು ಅಂಕ. ಓಟ್‌ಮನ್ ನಲವತ್ತೇಳು ಪೌಂಡ್, ನಾಲ್ಕು ಅಂಕ. ಓಟ್‌ಮನ್ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಸಣ್ಣದಾಗಿ 'ಪೆಟ್ಟಿಗೆ ಸಹಿತ' ಎಂದಿತ್ತು. ಲಾರ್ಕ್‌ಫೀಲ್ಡ್ ಪಕ್ಕದಲ್ಲಿ ಏನೂ ಇರಲಿಲ್ಲ.

ನೆನಪಾಯಿತು. ಟ್ರೆಂಟ್ ತನ್ನ ಯಂತ್ರವನ್ನು ಮೊದಲೇ ಹೊರತೆಗೆದು ನಿಲ್ಲಿಸಿದ್ದ, ಇನ್ನೊಂದು ಪೆಟ್ಟಿಗೆಯಲ್ಲೇ ಇತ್ತು. ಎರಡನ್ನೂ ಬಂದ ಹಾಗೆಯೇ ತಕ್ಕಡಿಗೆ ಇಟ್ಟಿದ್ದೆ. ಟ್ರೆಂಟ್ ಮೋಸ ಮಾಡಿರಲಿಲ್ಲ. ಮಾಡುವ ಅಗತ್ಯವೇ ಅವನಿಗೆ ಬಂದಿರಲಿಲ್ಲ.

ಸೋಮವಾರ ಲಿಯೋನಾಳನ್ನು ಕರೆದುಕೊಂಡು ಕೌಂಟಿಯ ಗೋದಾಮಿಗೆ ಹೋದೆ. ಲಾರ್ಕ್‌ಫೀಲ್ಡನ್ನು ಅದರ ಪೆಟ್ಟಿಗೆಯಲ್ಲಿಟ್ಟು ತಕ್ಕಡಿಗೆ ಏರಿಸಿದೆವು. ಐವತ್ತೊಂದು ಪೌಂಡ್. ನನ್ನದೇ ಕೋಷ್ಟಕದ ಪ್ರಕಾರ ಒಂದೇ ಅಂಕ. ಕೊಕ್ಕೆಯ ನಾಲ್ಕು ಅಂಕ ಸೇರಿಸಿದರೂ ಮೊತ್ತ ಎಪ್ಪತ್ತಾರು, ಬಿಟ್ಟರೆ ಎಪ್ಪತ್ತೆರಡು. ಎಪ್ಪತ್ತೇಳರ ಓಟ್‌ಮನ್ ಎರಡು ಲೆಕ್ಕದಲ್ಲೂ ಮುಂದೆ.

ಲಿಯೋನಾ ಸ್ವಲ್ಪ ಹೊತ್ತು ತಕ್ಕಡಿಯ ಮುಳ್ಳನ್ನೇ ನೋಡಿದಳು. "ಇನ್ನೊಂದು ಸಲ ಇಟ್ಟು ನೋಡೋಣ" ಎಂದಳು. ಇಟ್ಟೆವು. ಐವತ್ತೊಂದೇ.

ನಾನು ಕೊಕ್ಕೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಅವಳು ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟಳು.

"ಗುರುವಾರದ ಸಭೆ ಬಿಟ್ರೆ ಮುಂದಿಂದು ಆರು ವಾರ ಆದ್ಮೇಲೆ. ಗೊತ್ತಲ್ವಾ ನಿಮಗೆ?"

"ಗೊತ್ತು."

"ಈ ತೂಕದ ತಪ್ಪನ್ನ ತಿದ್ಲೇಬೇಕು, ಅದಕ್ಕೆ ನಾನು ಬೇಡ ಅನ್ನಲ್ಲ. ತಿದ್ದೋಣ. ಅಳತೆ ತಪ್ಪಾಯ್ತು, ಸರಿ ಮಾಡಿದೀವಿ ಅಂತ ಒಂದು ಸಾಲು. ಆಗ ಇವತ್ತೇ ಓಟ್‌ಮನ್ ಅಂತ ಬರೆದು ಗುರುವಾರಕ್ಕೆ ಮುಗಿಸಬಹುದು. ಕೊಕ್ಕೆ ವಿಷಯ ಎತ್ತಿದ್ರೋ, ಇಡೀ ಟೆಂಡರು ಮಗುಚಿಕೊಳ್ಳುತ್ತೆ. ಮತ್ತೆ ಮೊದಲಿಂದ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಳತೆಯ ತಪ್ಪು ಮರ್ಯಾದೆ ಕಳೆಯದ ತಪ್ಪು. ಒಪ್ಪಿಕೊಂಡರೆ ಜನ ಇನ್ನಷ್ಟು ಮೆಚ್ಚುತ್ತಾರೆ, ಈ ವಯಸ್ಸಿನಲ್ಲೂ ತಿರುಗಿ ಅಳೆದರಲ್ಲ ಮೇಷ್ಟ್ರು ಎಂದು. ಕೊಕ್ಕೆಯ ವಿಷಯ ಹಾಗಲ್ಲ. ಅದನ್ನು ಹೇಳಿದರೆ ತಕ್ಕಡಿ ಯಾಕೆ ಒಂದೇ ಕಡೆ ವಾಲಿತು ಎನ್ನುವುದೂ ಹೇಳಿದಂತೆ. ನನ್ನ ಹೆಸರು ಹೋಗುತ್ತದೆ. ಹೇಳದಿದ್ದರೆ ಲಿಯೋನಾಳ ಜೂನ್ ಉಳಿಯುತ್ತದೆ, ಸರಿಯಾದ ಯಂತ್ರವೂ ಬರುತ್ತದೆ. ಎಲ್ಲ ಲೆಕ್ಕವೂ ಹೇಳಬೇಡ ಎಂದೇ ಹೇಳುತ್ತಿತ್ತು. ಎಲ್ಲ ಲೆಕ್ಕವೂ ನನ್ನ ಕಡೆಗೇ ಬರುತ್ತಿದೆಯೆಂದರೆ ತಕ್ಕಡಿಯ ಮೇಲೆ ಮತ್ತೆ ಏನೋ ಬಿಟ್ಟಿದ್ದೇನೆ ಎಂದು ಅನುಮಾನ ಬಂತು. ಅದೊಂದೇ ಆ ವಾರದಲ್ಲಿ ನನಗೆ ಬಂದ ಒಳ್ಳೆಯ ಯೋಚನೆ.

ಬುಧವಾರ ಸಂಜೆ ಹೇಳಿಕೆ ಬರೆದು ಬರ್ನಿಸ್‌ಗೆ ಓದಿದೆ. "ಸಮಿತಿಯ ಪ್ರಕ್ರಿಯೆಯಲ್ಲಿ ಕೆಲವು ವ್ಯತ್ಯಾಸಗಳು ಕಂಡುಬಂದಿದ್ದು..."

"ಕಂಡುಬಂತಂತೆ! ಯಾರಿಗೆ ಕಂಡುಬಂತು? ಹಕ್ಕಿಗೆ ಕಂಡುಬಂತಾ?"

"ಇದು ಕಚೇರಿ ಭಾಷೆ ಕಣೇ."

"ಎಮಿಲ್, ಲೋಟ ಒಡೆದುಹೋಯ್ತು ಅಂತ ಹೇಳೋ ಹುಡುಗ್ರಿಗೆ ನೀನೇನು ಹೇಳ್ತಿದ್ದೆ?"

ಒಡೆದೆ ಎಂದು ಹೇಳು ಅನ್ನುತ್ತಿದ್ದೆ. ಹಾಳೆ ಹರಿದು ಇನ್ನೊಂದನ್ನು ತೆಗೆದುಕೊಂಡೆ. ಎರಡನೆಯದು ಐದೇ ಸಾಲು, ಪ್ರತಿಯೊಂದರಲ್ಲೂ 'ನಾನು' ಇತ್ತು. ನನ್ನ ಬಗ್ಗೆ ಅಷ್ಟು ಸಲ ಬರೆದು ಅಷ್ಟು ಕಡಿಮೆ ಸಂತೋಷ ಪಟ್ಟದ್ದು ಅದೇ ಮೊದಲು.

ಗುರುವಾರ ಬೆಳಗ್ಗೆ ಹೋಗುವ ಮೊದಲೇ ಲಿಯೋನಾಳಿಗೆ ಫೋನ್ ಮಾಡಿ, ಎಲ್ಲವನ್ನೂ ಹೇಳುತ್ತೇನೆ ಎಂದೆ. "ಹೇಳಿ" ಎಂದಳು. ಅಷ್ಟೇ. ಫೋನ್ ಇಟ್ಟಳು.

ಕೋರ್ಟಿನ ಕಟ್ಟಡದ ಎರಡನೆಯ ಮಹಡಿಯಲ್ಲಿ ಸಭೆ. ಮೂವರು ಕಮಿಷನರುಗಳು, ನಡುವೆ ಅಧ್ಯಕ್ಷ ಗ್ಲೆನ್ ಸ್ಟಟ್ಸ್‌ಮನ್, ಅವನೂ ನನ್ನ ವಿದ್ಯಾರ್ಥಿಯೇ. ಎದುರಿಗೆ ಹತ್ತು ಹನ್ನೆರಡು ಜನ, ಮುಂದಿನ ಸಾಲಿನಲ್ಲಿ ಟ್ರೆಂಟ್ ಹೊಸ ಟೈ ಕಟ್ಟಿಕೊಂಡು ಕೂತಿದ್ದ. ನಾನು ಎದ್ದು ಐದು ಸಾಲು ಓದಿದೆ. ಕೊಕ್ಕೆ ನಾನು ಬರೆದುಕೊಟ್ಟ ಚಿತ್ರ. ಟೆಂಡರಿನ ಮೂವತ್ತೊಂದನೆಯ ಅಂಶ ನಾನು ಬರೆದದ್ದು. ಈ ಸಂಬಂಧವನ್ನು ನಾನು ಯಾರಿಗೂ ಹೇಳಲಿಲ್ಲ. ಒಂದು ಯಂತ್ರವನ್ನು ಪೆಟ್ಟಿಗೆ ಇಲ್ಲದೆಯೂ ಇನ್ನೊಂದನ್ನು ಪೆಟ್ಟಿಗೆ ಸಮೇತವೂ ನಾನು ತೂಗಿದೆ. ನಾನು ಸಮಿತಿಯಿಂದ ಹೊರಬರುತ್ತೇನೆ.

ಸ್ಟಟ್ಸ್‌ಮನ್ ಮುಂದಕ್ಕೆ ಬಾಗಿದ.

"ಮೇಷ್ಟ್ರೇ, ಒಂದು ಪ್ರಶ್ನೆ. ಪೆಟ್ಟಿಗೆ ತೂಕ ಲೆಕ್ಕಕ್ಕೆ ಹಿಡಿಯೋದನ್ನ ಮರೆತ್ರಾ?"

"ಹೂಂ."

"ಎಂಬತ್ನಾಲ್ಕನೇ ಇಸವಿ. ನಾನು ಬೀಕರ್ ತೂಕ ಕಳೀದೆ ಉಪ್ಪು ತೂಗಿದ್ದೆ. ನೀವು ನನಗೆ ಏನು ಕೊಟ್ರಿ ನೆನಪಿದೆಯಾ?"

"ಸೊನ್ನೆ ಇರಬೇಕು."

"ಸೊನ್ನೆ. ಆಮೇಲೆ ಇಡೀ ಕ್ಲಾಸಿನ ಮುಂದೆ, ಸ್ಟಟ್ಸ್‌ಮನ್ ಇವತ್ತು ಗಾಜನ್ನೂ ಊಟಕ್ಕೆ ಬಡಿಸ್ತಾನೆ ಅಂದ್ರಿ. ಮೂವತ್ತೈದು ವರ್ಷದಿಂದ ನನ್ನ ತಮ್ಮ ನನ್ನನ್ನ ಗಾಜು ಅಂತಾನೇ ಕರೀತಾನೆ."

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಮುಖ ಒಪ್ಪಲಿಲ್ಲ. ಸ್ಟಟ್ಸ್‌ಮನ್ ಮಾತ್ರ ನಗಲಿಲ್ಲ. "ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಮೆಲ್ಲಗೆ ಹೇಳಿ ನಿರ್ಣಯವನ್ನು ಮುಂದಕ್ಕೆ ಹಾಕಿದ.

ಹೊರಗೆ ಮೆಟ್ಟಿಲ ಬಳಿ ಟ್ರೆಂಟ್ ಸಿಕ್ಕಿದ. ಸಿಟ್ಟಿಗಿಂತ ಬೆರಗು ಹೆಚ್ಚಿತ್ತು. "ಮೇಷ್ಟ್ರೇ, ನಾನು ನಿಮಗೆ ಒಂದು ಊಟಾನೂ ಕೊಡಿಸಿಲ್ವಲ್ಲ!"

"ಅದೇ ಟ್ರೆಂಟ್ ತೊಂದ್ರೆ ಆಗಿದ್ದು. ಊಟ ಕೊಡಿಸಿದ್ರೆ ಬರೆದಿಡ್ತಿದ್ದೆ."

ಮೂವತ್ತೊಂದನೆಯ ಅಂಶವನ್ನು ತೆಗೆದು ಮತ್ತೆ ಟೆಂಡರ್ ಕರೆದರು. ಹೊಸ ಸಮಿತಿ ಎಲ್ಲವನ್ನೂ ಹೊಸದಾಗಿ ಅಳೆಯಿತು. ಓಟ್‌ಮನ್ ಎಂಟು ಅಂಕಗಳಿಂದ ಗೆದ್ದಿತು. ಕೊಕ್ಕೆ ಬಿಟ್ಟು ನಾನು ತಿದ್ದಿದ ಲೆಕ್ಕದಲ್ಲಿ ಬಂದದ್ದು ಐದೇ. ಉಳಿದ ಮೂರು ಅಂಕ ನನ್ನೊಳಗೆ ಎಲ್ಲಿ ಅಡಗಿದ್ದವು ಎಂದು ಈಗಲೂ ಹುಡುಕುತ್ತಿದ್ದೇನೆ.

ಯಂತ್ರಗಳು ಬಂದದ್ದು ಜುಲೈ ಕೊನೆಗೆ. ಆಗಸ್ಟಿನ ಸೆಕೆಯಲ್ಲಿ, ಶನಿವಾರ ಭಾನುವಾರ ಬಿಡದೆ, ಲಿಯೋನಾ ಮುನ್ನೂರು ಮುದುಕ ಮುದುಕಿಯರಿಗೆ ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿಸಿದಳು. ಪ್ರತಿ ವರ್ಷ ಅಕ್ಕನ ಜೊತೆ ಈರಿ ಸರೋವರದ ದಂಡೆಯಲ್ಲಿ ಕಳೆಯುತ್ತಿದ್ದ ವಾರ ಆ ಸಲ ಇಲ್ಲವಾಯಿತು. ಇದನ್ನು ನನಗೆ ಹೇಳಿದ್ದು ಅಂಚೆಯವಳು. ಲಿಯೋನಾ ನನ್ನೊಂದಿಗೆ ಮಾತು ಬಿಟ್ಟಿದ್ದಳು. ದಿನಸಿ ಅಂಗಡಿಯಲ್ಲಿ ಎದುರಾದರೆ ಉಪ್ಪಿನಕಾಯಿ ಬಾಟಲಿಯ ಹಿಂದಿನ ಅಕ್ಷರಗಳನ್ನು ಗಮನವಿಟ್ಟು ಓದುತ್ತಿದ್ದಳು. ನಾನು ಎರಡು ಸಲ ಪತ್ರ ಬರೆದೆ. ಎರಡರಲ್ಲೂ ಸಮರ್ಥನೆ ಇತ್ತು, ಹಾಗಾಗಿ ಎರಡನ್ನೂ ಕಳಿಸಲಿಲ್ಲ. ಹೆಸರು ಹೋದದ್ದಕ್ಕೆ ಅಷ್ಟು ಬೇಸರವಾಗಲಿಲ್ಲ. ಅವಳು ಮಾತಾಡದಿದ್ದದ್ದು ಮಾತ್ರ ದಿನವೂ ಚುಚ್ಚುತ್ತಿತ್ತು.

ಅಕ್ಟೋಬರ್ ಕೊನೆಯಲ್ಲಿ ಲಿಯೋನಾಳ ಫೋನ್ ಬಂತು.

"ಮೇಷ್ಟ್ರೇ, ಫೈರ್ ಹಾಲಲ್ಲಿ ಒಬ್ಬರು ಕಮ್ಮಿ ಬಿದ್ದಿದಾರೆ. ಬರ್ತೀರಾ?"

"ಬರ್ತೀನಿ. ಮುಖ್ಯಸ್ಥನಾಗೇನಾ?"

"ಸ್ಟಿಕರ್ ಕೊಡೋಕೆ."

ವೋಟು ಹಾಕಿ ಹೊರಗೆ ಬರುವವರ ಕೈಗೆ 'ನಾನು ಮತ ಹಾಕಿದೆ' ಎಂಬ ಸ್ಟಿಕರ್ ಕೊಡುವುದು ಮತಗಟ್ಟೆಯ ಅತ್ಯಂತ ಕೆಳಗಿನ ಹುದ್ದೆ. ಅಲ್ಲಿ ಕೂತು ಯಾರಿಗೂ ಪಕ್ಷಪಾತ ಮಾಡಲು ಆಗುವುದಿಲ್ಲ. ಚುನಾವಣೆಯ ದಿನ ಬೆಳಗ್ಗೆ ಏಳರಿಂದ ಬಾಗಿಲ ಬಳಿ ಕೂತೆ. ಯಂತ್ರಗಳು ಚೆನ್ನಾಗಿಯೇ ನಡೆದವು.

ಮಧ್ಯಾಹ್ನ ಎರಡರ ಹೊತ್ತಿಗೆ ಜನ ಕಡಿಮೆಯಾದರು. ಮತಗಟ್ಟೆಗಳನ್ನು ನೋಡುತ್ತ ಬಂದ ಲಿಯೋನಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಕಾಲಿನ ಬೂಟು ಕಳಚಿ ಬೆರಳುಗಳನ್ನು ಅಲ್ಲಾಡಿಸಿದಳು.

"ಜನವರೀಲಿ ಯಂತ್ರ ಸಾಗಿಸೋ ವ್ಯಾನಿಗೆ ಟೆಂಡರ್ ಕರೀತೀವಿ" ಎಂದಳು, ಎದುರಿನ ಗೋಡೆಗೆ ಹೇಳಿದಂತೆ. "ಸಮಿತಿಗೆ ಜನ ಬೇಕು."

ನನ್ನ ಎದೆ ಜೋರಾಗಿ ಹೊಡೆದುಕೊಂಡಿತು. ಎಪ್ಪತ್ತನಾಲ್ಕು ವರ್ಷದ ಎದೆ ಒಂದು ವ್ಯಾನಿನ ಸಮಿತಿಗೆ ಹಾಗೆ ಹೊಡೆದುಕೊಳ್ಳಬಾರದು.

"ವ್ಯಾನ್ ಮಾರೋರು ಯಾರಾದ್ರೂ ಗೊತ್ತಾ ನಿಮಗೆ?"

ಯೋಚಿಸಿದೆ. "ಬರ್ನಿಸ್ ತಮ್ಮ ಒಬ್ಬ ಇದಾನೆ. ಅವನ ಹತ್ರ ನಾನು ಎರಡು ಕಾರು ತಗೊಂಡಿದೀನಿ. ಆಮೇಲೆ ಹೈವೇ ಪಕ್ಕದ ಅಂಗಡಿಯವನು ನನ್ನ ವಿದ್ಯಾರ್ಥಿ. ಅವನ ಮದುವೇಲಿ ನಾನು ಭಾಷಣ ಮಾಡಿದೀನಿ. ಇನ್ನೊಬ್ಬ ಇದಾನೆ, ಅವನನ್ನ ಕಂಡ್ರೆ ನನಗಾಗಲ್ಲ. ಅದೂ ಹೇಳ್ಬೇಕು ಅಲ್ವಾ?"

"ಹೇಳ್ಬೇಕು."

"ಮೂರೇ ಅಂಗಡಿ ಇರೋದು ಇಲ್ಲಿ."

"ಹಾಗಾದ್ರೆ ನೀವು ಬೇಡ."

"ನಾನು ಬೇಡ" ಎಂದೆ.

ಅವಳು ಬೂಟು ಹಾಕಿಕೊಳ್ಳುತ್ತ ಕೆಳಗೆ ಬಗ್ಗಿದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು. ಎದ್ದು ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಸ್ಟಿಕರ್ ಕೊಡಿ ಮೇಷ್ಟ್ರೇ. ಜನ ಬರ್ತಿದಾರೆ."